ಹುರುಳಿಯ ಮೇಲೆ ಬ್ರೇಕು

ನಮ್ಮ ಭಾವ ಈ ಕತೆ ಹೇಳುವುದು ಹೀಗೆ. ಬಾಮೈದ ಮಾತಿನಲ್ಲಿ ಹುಲಿ, ಬೈಕು ಕಂಡರೆ ಇಲಿ. ಇಪ್ಪತ್ತನಾಲ್ಕು ವರ್ಷವಾದರೂ ಹಿಂದಿನ ಸೀಟು ಬಿಟ್ಟು ಮುಂದಿನ ಸೀಟಿಗೆ ಬಂದವನಲ್ಲ. ಒಂದು ದಿನ ಅಂಗಿಯ ಕಾಲರು ಹಿಡಿದು ಗಾಡಿ ಮೇಲೆ ಕೂರಿಸಿ, ‘ಭಯ ಬುಡ್ಲಾ’ ಅಂತ ಒಂದೇ ಒಂದು ಸಲ ಗದರಿದೆ. ಭಯ ಬಿಟ್ಟ. ಗಾಡಿ ಬಂತು.

ಇದನ್ನು ಅವರು ಬೀಗರೂಟದ ಪಂಕ್ತಿಗಳಲ್ಲಿ ಹೇಳಿದ್ದಾರೆ, ಮಳವಳ್ಳಿಯ ಕಟಿಂಗ್ ಶಾಪಿನಲ್ಲಿ ಹೇಳಿದ್ದಾರೆ, ನನ್ನ ವಿದ್ಯಾರ್ಥಿಗಳ ಅಪ್ಪಂದಿರ ಮುಂದೆಯೂ ಹೇಳಿದ್ದಾರೆ. ಹೇಳಿದಷ್ಟು ಸಲ ಅವರ ಗದರಿಕೆ ಜೋರಾಗುತ್ತಾ ಬಂದಿದೆ, ನನ್ನ ನಡುಕವೂ ಅದಕ್ಕೆ ತಕ್ಕಂತೆ ಬೆಳೆದಿದೆ. ಕೇಳಿದವರು ತಲೆದೂಗುತ್ತಾರೆ. ಯಾಕೆಂದರೆ ನಮ್ಮ ಕಡೆ ಎಲ್ಲರೂ ಬೈಕು ಕಲಿತದ್ದು ಹೀಗೆಯೇ ಅಂತೆ. ಭಯ ಅನ್ನುವುದೊಂದು ಮೂಟೆ. ಅದನ್ನು ದಾರಿ ಬದಿಯಲ್ಲಿ ಇಳಿಸಿಬಿಟ್ಟರೆ ಗಾಡಿ ಹಗುರಾಗಿ ಓಡುತ್ತದೆ.

ನಾನು ಇದನ್ನು ಒಪ್ಪುವುದಿಲ್ಲ. ಒಪ್ಪದಿರುವುದೇ ನಿನ್ನ ಕಸುಬು ಎಂದು ಅಕ್ಕ ಅನ್ನುತ್ತಾಳೆ. ಮಂಡ್ಯದ ಕಾಲೇಜಿನಲ್ಲಿ ಓದುವಾಗ ನಾನು ಪಾಠಕ್ಕಿಂತ ಹೆಚ್ಚು ಚರ್ಚಾಸ್ಪರ್ಧೆಗೆ ಹೋದವನು. ಪರವಾಗಿ ಮಾತಾಡು ಅಂದರೆ ಪರ, ವಿರೋಧವಾಗಿ ಅಂದರೆ ವಿರೋಧ. ಹಾಗಾಗಿ ಭಾವನ ಕತೆಯ ಮೇಲೂ ನನ್ನದೊಂದು ಖಂಡನೆ ಇದೆ. ಕಲಿಯಲು ಹೊರಟಾಗ ನನಗೆ ಭಯವೇ ಇರಲಿಲ್ಲ, ಇದ್ದದ್ದು ಅನುಮಾನ. ಭಯ ಬಂದದ್ದು ಆಮೇಲೆ. ಗಾಡಿ ಬಂದದ್ದು ಆ ಭಯ ಬಂದ ಮೇಲೆ, ಅದನ್ನು ಬಿಟ್ಟ ಮೇಲೆ ಅಲ್ಲ.

ಮಂಡ್ಯ ಜಿಲ್ಲೆಯ ಗಂಡುಮಗ ಅಷ್ಟು ವರ್ಷ ಬೈಕು ಕಲಿಯದೆ ಉಳಿದದ್ದು ಹೇಗೆ ಎಂದು ಕೇಳುವವರಿಗೆ ನನ್ನ ಉತ್ತರ ಸರಳ. ಬಸ್ಸು ಇತ್ತು. ಅಪ್ಪ ಬಸ್ ಕಂಡಕ್ಟರು. ನಮ್ಮ ಮನೆ ಮಂಡ್ಯ ಪೇಟೆಯ ಒಳಗೆ. ಬಸ್ಸು ಬಿಟ್ಟು ಬೇರೆ ಗಾಡಿ ಹತ್ತುವುದೆಂದರೆ ಅಪ್ಪನ ಲೆಕ್ಕದಲ್ಲಿ ಮನೆಯೂಟ ಬಿಟ್ಟು ಹೋಟೆಲಿಗೆ ಹೋದ ಹಾಗೆ. ನನಗೂ ಅದರಲ್ಲಿ ಕೊರತೆ ಕಾಣಲಿಲ್ಲ. ಸೈಕಲ್ಲು ಬರುತ್ತಿತ್ತು, ಮಿಕ್ಕದ್ದಕ್ಕೆ ಬಸ್ಸು.

ಕೊರತೆ ಕಂಡದ್ದು ಕಿರುಗಾವಲಿನ ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕನಾಗಿ ಸೇರಿದಾಗ. ಅಕ್ಕನನ್ನು ಕೊಟ್ಟದ್ದು ಬಂಡೂರಿನ ಹತ್ತಿರದ ಒಂದು ಹಳ್ಳಿಗೆ. ನಾನು ಅವರ ಮನೆಯಲ್ಲೇ ಉಳಿದುಕೊಂಡೆ. ಬೆಳಗ್ಗೆ ಭಾವ ಶಾಲೆಗೆ ಬಿಟ್ಟು ಬರುತ್ತಿದ್ದರು, ಸಂಜೆ ಬಸ್ಸಿನಲ್ಲಿ ವಾಪಸು. ಸಮಾಜ ವಿಜ್ಞಾನದ ಪಾಠ, ಅರ್ಧ ದಿನದ ಕೆಲಸ. ಸಂಕ್ರಾಂತಿ ಕಳೆದ ಮೇಲೆ ಇನ್ನೊಂದು ಹಳ್ಳಿಯ ಶಾಲೆಯ ಮಧ್ಯಾಹ್ನದ ಪಾಠಗಳನ್ನೂ ಇದಕ್ಕೇ ಸೇರಿಸುತ್ತಾರೆಂದು ತಿಳಿಯಿತು. ಎರಡನ್ನೂ ಮಾಡುವವರಿಗೆ ಕೆಲಸ ಉಳಿಯುತ್ತದೆ, ಒಂದನ್ನೇ ಮಾಡುವವರಿಗೆ ಅದೂ ಇಲ್ಲ. ಮುಖ್ಯೋಪಾಧ್ಯಾಯರು ನನ್ನನ್ನು ಕೂರಿಸಿಕೊಂಡು ಮೃದುವಾಗಿಯೇ ಹೇಳಿದರು. ಮದ್ದೂರಿನಿಂದ ಇನ್ನೊಬ್ಬರು ಕೇಳುತ್ತಿದ್ದಾರೆ, ಅವರ ಹತ್ತಿರ ಬೈಕಿದೆ. ಹಬ್ಬ ಕಳೆದು ಶಾಲೆ ತೆರೆದ ದಿನ ಊಟದ ಬಿಡುವು ಮುಗಿಯುವಷ್ಟರಲ್ಲಿ ನೀವು ಆ ಶಾಲೆಯಲ್ಲಿ ಇದ್ದರೆ ಸರಿ. ಹೇಗೆ ಹೋಗುತ್ತೀರಿ ಅನ್ನುವುದು ನಿಮಗೆ ಬಿಟ್ಟದ್ದು.

ಆ ಎರಡು ಊರುಗಳ ನಡುವೆ ಮಧ್ಯಾಹ್ನ ಬಸ್ಸಿಲ್ಲ. ಆಟೋ ಇದೆ, ಆದರೆ ಅದು ಹೊರಡುವುದು ಡ್ರೈವರನ ಪಕ್ಕದಲ್ಲೂ ಇಬ್ಬರು ನೇತುಬಿದ್ದ ಮೇಲೆ. ಸೈಕಲ್ಲಿಗೆ ದಾರಿ ದೂರ. ಅಕ್ಕ ಆಶಾ ಕಾರ್ಯಕರ್ತೆ. ಅವಳ ಮೊಪೆಡ್ಡು ಬೆಳಗ್ಗೆಯೇ ಅವಳ ಜೊತೆ ಊರೂರು ಸುತ್ತಲು ಹೊರಡುತ್ತದೆ. ಮನೆ ಮುಂದೆ ಹಗಲೆಲ್ಲ ಸುಮ್ಮನೆ ನಿಲ್ಲುವುದೆಂದರೆ ಭಾವನ ಹಳೆಯ ಬೈಕು ಒಂದೇ. ಭಾವ ಬಂಡೂರು ಕುರಿ ಸಾಕುವವರು, ನನ್ನನ್ನು ಬಿಟ್ಟು ಬಂದ ಮೇಲೆ ಹಗಲಿಡೀ ಮಂದೆಯ ಹಿಂದೆ ಕಾಲ್ನಡಿಗೆ. ಆ ಬೈಕು ನನಗೆ ಬಂದರೆ ಕೆಲಸ ಉಂಟು, ಬರದಿದ್ದರೆ ಮಂಡ್ಯದ ಬಸ್ಸು ಉಂಟು. ವಿಷಯ ಇಷ್ಟೇ.

ಊರಾಚೆಯ ಗುಂಡುತೋಪಿನಲ್ಲಿ ಪಾಠ ಶುರುವಾಯಿತು. ಭಾವನ ಕುರಿಗಳು ಅಲ್ಲೇ ಮೇಯುತ್ತಿದ್ದವು. ಬಂಡೂರು ಕುರಿಗೆ ಕಾಲು ಗಿಡ್ಡ, ಮೈ ಉರುಟು, ಹೆದರಿಕೆ ಕಮ್ಮಿ. ಹಾರನ್ನು ಹೊಡೆದರೆ ತಲೆ ಎತ್ತಿ ನೋಡಿ ಮತ್ತೆ ಮೇಯುತ್ತದೆ. ಭಾವ ಹೇಳುವಂಥ ಭಯ ಬಿಟ್ಟ ಜೀವ ಹೇಗಿರುತ್ತದೆ ಎಂದು ನಾನು ಮೊದಲು ನೋಡಿದ್ದು ಈ ಕುರಿಗಳಲ್ಲಿ. ಗಾಡಿಗೆ ಅಡ್ಡ ನಿಂತು ಸಾಯಲು ತಯಾರಾಗಿದ್ದವು.

ಭಾವ ಕಲಿಸುವ ರೀತಿಯಲ್ಲಿ ವಿವರಣೆ ಇರಲಿಲ್ಲ, ಆಜ್ಞೆ ಇತ್ತು. ಕ್ಲಚ್ಚು ಹಿಡಿ, ಗೇರು ಹಾಕು, ಬುಡು. ಬಿಟ್ಟೆ, ಗಾಡಿ ಜಿಗಿದು ಆಫಾಯಿತು. ಮತ್ತೆ ಬುಡು. ಮತ್ತೆ ಆಫು. ಕ್ಲಚ್ಚನ್ನು ಎಷ್ಟು ಬಿಟ್ಟಾಗ ಗಾಡಿ ಎಳೆಯುತ್ತದೆ, ರೇಸು ಯಾವಾಗ ಕೊಡಬೇಕು ಎಂದು ನಾನು ಕೇಳಿದರೆ ಅವರಿಗೆ ಅದು ಬೈಕಿನ ಪ್ರಶ್ನೆಯಾಗಿ ಕೇಳಿಸುತ್ತಲೇ ಇರಲಿಲ್ಲ.

“ಭಯ ಬುಟ್ರೆ ಬತ್ತದೆ ಕಣ್ಲಾ.”

“ಭಯ ಎಲ್ಲಿ ಬಂತು ಭಾವ, ಕ್ಲಚ್ಚಿನ ವಿಚಾರ ಕೇಳ್ತಾ ಇದೀನಿ.”

“ಎಲ್ಡೂ ಕೈ ಕೆಲ್ಸದಲ್ಲವೆ, ಎಲ್ಡೂ ಕಾಲೂ ಕೆಲ್ಸದಲ್ಲವೆ. ಆ ಬಾಯ್ಗೊಂದು ರಜ ಕೊಡು.”

ಸಂಕ್ರಾಂತಿ ಹತ್ತಿರವಿದ್ದುದರಿಂದ ಅವರು ಎತ್ತುಗಳ ಸಾಕ್ಷಿಯನ್ನೂ ತಂದರು. ಹಬ್ಬದ ಸಂಜೆ ಎತ್ತುಗಳಿಗೆ ಕಿಚ್ಚು ಹಾಯಿಸುವುದಿಲ್ಲವೇ, ಉರಿಯುವ ಹುಲ್ಲಿನ ಮೇಲೆ ಅವು ಹಾರುವುದಿಲ್ಲವೇ, ಭಯ ಬಿಡದಿದ್ದರೆ ಹಾರುತ್ತಿದ್ದವೇ ಎಂದು ವಾದ. ನಾನು ಅಲ್ಲೇ ಉತ್ತರ ಕೊಟ್ಟೆ. ಎತ್ತು ಹಾರುವುದೇ ಭಯದಿಂದ. ಭಯ ಬಿಟ್ಟಿದ್ದರೆ ಅದು ಬೆಂಕಿಯ ನಡುವೆ ನಿಂತು ಹುಲ್ಲು ಮೇಯುತ್ತಿತ್ತು. ಜೊತೆಗೆ, ಹಗ್ಗ ಹಿಡಿದು ಪಕ್ಕದಲ್ಲಿ ಓಡುವ ಮನುಷ್ಯನನ್ನು ಯಾಕೆ ಲೆಕ್ಕಕ್ಕೆ ಹಿಡಿಯುವುದಿಲ್ಲ? ಭಾವ ಒಂದು ಟಗರಿನ ಕಡೆ ತಿರುಗಿ, ನೋಡ್ದಾ, ಇವ್ನು ಬೈಕು ಕಲಿಯಾಕೆ ಬಂದಿಲ್ಲ, ಕೋರ್ಟಿಗೆ ಬಂದವ್ನೆ ಎಂದರು.

ಹೀಗೇ ಜಗಳವಾಡುತ್ತಾ ಗಾಡಿ ಚಲಿಸಿತು, ತಿರುಗಿತು, ನಿಂತಿತು. ತೋಪಿನಿಂದ ಹಳ್ಳಿಯ ರಸ್ತೆಗೆ ಬಂದೆ. ಮಂಡ್ಯಕ್ಕೆ ಹೋಗಿ ಪರೀಕ್ಷೆಯಲ್ಲಿ ಎಂಟರ ಆಕಾರದಲ್ಲಿ ಓಡಿಸಿ ತೋರಿಸಿದೆ, ಕಾಲು ನೆಲಕ್ಕೆ ತಾಗಿಸಲಿಲ್ಲ, ಲೈಸೆನ್ಸು ಬಂತು. ಅದನ್ನು ಕೈಯಲ್ಲಿ ಹಿಡಿದುಕೊಂಡಾಗಲೇ ನನಗೆ ಅನುಮಾನ. ನಾನು ಎಂಟು ಬರೆಯಬಲ್ಲೆ ಎಂದು ಆ ಕಾರ್ಡು ಹೇಳುತ್ತದೆ, ಸರಿ. ಆದರೆ ಈ ಜಿಲ್ಲೆಯಲ್ಲಿ ಎಂಟರ ಆಕಾರದ ರಸ್ತೆ ಎಲ್ಲಿದೆ?

ಭಯವನ್ನು ಮೊದಲು ಕಂಡದ್ದು ನಾಲೆಯ ಏರಿಯ ಮೇಲೆ. ಒಂದು ಕಡೆ ತುಂಬಿದ ನೀರು, ಇನ್ನೊಂದು ಕಡೆ ಗದ್ದೆಯ ಇಳಿಜಾರು, ನಡುವೆ ಮಣ್ಣಿನ ದಾರಿ. ನೀರಿಗೆ ಬೀಳಬಾರದು ಎಂದುಕೊಂಡು ನಾನು ನೀರನ್ನೇ ನೋಡುತ್ತಿದ್ದೆ. ಗಾಡಿ ನಿಧಾನವಾಗಿ, ಹೇಳಿದ ಮಾತು ಕೇಳುವ ದನದ ಹಾಗೆ, ನೀರಿನ ಕಡೆಗೇ ಹೋಯಿತು. ಅಂಚಿನಲ್ಲಿ ಹೇಗೋ ನಿಲ್ಲಿಸಿದೆ. ಕಣ್ಣು ಹೋದ ಕಡೆ ಗಾಡಿ ಹೋಗುತ್ತದೆ ಎಂಬ ಮಾತನ್ನು ಯಾರೂ ನನಗೆ ಹೇಳಿರಲಿಲ್ಲ. ಮತ್ತೆ ಹೊರಟಾಗ ನೀರಿನ ಮೇಲಿನ ಕಣ್ಣನ್ನು ಕಿತ್ತು ದೂರದ ತೂಬಿನ ಮೇಲೆ ಇಟ್ಟೆ. ಗಾಡಿ ತೂಬಿನ ಕಡೆ ಹೊರಟಿತು. ನೀರಿನ ಭಯ ಅಲ್ಲೇ ಇತ್ತು, ಎಡಗಿವಿಯ ಪಕ್ಕದಲ್ಲಿ, ಹೋಗಿರಲಿಲ್ಲ. ಆದರೆ ಅದು ಇದೆ ಎಂದು ತಿಳಿದಿರುವುದು ಬೇರೆ, ಅದನ್ನೇ ದಿಟ್ಟಿಸುವುದು ಬೇರೆ. ಮಾತಿನ ಸ್ಪರ್ಧೆಯಲ್ಲೂ ಹೀಗೇ ಅಲ್ಲವೇ? ಎದುರಾಳಿಯ ಮುಖವನ್ನೇ ನೋಡುತ್ತಾ ನಿಂತವನು ತನ್ನ ಮಾತು ಮರೆಯುತ್ತಾನೆ.

ಅಲ್ಲಿಂದ ನಾನು ನನ್ನದೇ ಒಂದು ಅಭ್ಯಾಸ ಮಾಡಿಕೊಂಡೆ. ಚರ್ಚೆಗೆ ಹೋಗುವ ಮುಂಚೆ ನಮ್ಮ ಮೇಷ್ಟ್ರು ಎದುರು ಪಕ್ಷದ ಭಾಷಣವನ್ನು ನಮ್ಮ ಬಾಯಲ್ಲೇ ಮಾಡಿಸುತ್ತಿದ್ದರು. ಅದು ಜೋರಾಗಿ, ಪ್ರಾಮಾಣಿಕವಾಗಿ ಇರಬೇಕು. ನಾನು ಹೆಲ್ಮೆಟ್ಟಿನ ಪಟ್ಟಿ ಬಿಗಿಯುವಾಗ ರಸ್ತೆಯ ಪಕ್ಷ ವಹಿಸಿ ಮಾತಾಡತೊಡಗಿದೆ. ಈ ತಿರುವಿನಾಚೆ ಟ್ರಾಕ್ಟರ್ ನಿಂತಿರುತ್ತದೆ. ಆ ಮನೆಯ ಗೇಟಿನಿಂದ ಮಗು ಓಡಿಬರುತ್ತದೆ. ಗದ್ದೆಯಿಂದ ಬಂದ ಚಕ್ರಗಳು ಟಾರಿನ ಮೇಲೆ ಕೆಸರು ಬಿಟ್ಟಿರುತ್ತವೆ. ಪ್ರತಿ ಮಾತಿಗೂ ಕೈಕಾಲುಗಳೇ ಉತ್ತರ ಕೊಡಬೇಕು: ನಿಧಾನ, ದೂರ, ಎರಡು ಬೆರಳು ಬ್ರೇಕಿನ ಮೇಲೆ. ಯಾವ ಮಾತಿಗೆ ಉತ್ತರವಿಲ್ಲವೋ ಆ ಸಾಹಸಕ್ಕೆ ಹೋಗಬಾರದು. ಒಂದು ವ್ಯತ್ಯಾಸ ಮಾತ್ರ ಬೇಗ ಗೊತ್ತಾಯಿತು. ರಸ್ತೆಯಲ್ಲಿ ತೀರ್ಪುಗಾರರಿಲ್ಲ. ಅಡ್ಡ ಬಂದ ಕಬ್ಬಿನ ಟ್ರಾಕ್ಟರಿನ ಎದುರು ನಾನೇ ಸರಿ ಎಂದು ನಿಂತರೆ ಗೆಲ್ಲಬಹುದು, ಚಪ್ಪಾಳೆ ಕೇಳಲು ಇರುವುದಿಲ್ಲ.

ಭಾವನಿಗೆ ಇದನ್ನೆಲ್ಲ ಹೇಳಿದೆ. ಪುಕ್ಕಲುತನಕ್ಕೆ ಪದವಿ ಕೊಟ್ಟಿದ್ದೀಯ ಎಂದು ನಕ್ಕರು. ಆಗ ನಾನು ಅವರನ್ನೇ ಗಮನಿಸಲು ಶುರುಮಾಡಿದೆ. ದಿನಾ ಬೆಳಗ್ಗೆ ಅವರ ಹಿಂದೆ ಕೂರುತ್ತಿದ್ದವನಿಗೆ ಪುರಾವೆ ಸಿಗುವುದು ಕಷ್ಟವೇ? ತಿರುವಿಗೆ ಮುಂಚೆ ಅವರ ಬೆರಳು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು. ಕಬ್ಬಿನ ಲೋಡಿನ ಹಿಂದೆ ಇದ್ದಾಗ ಜಲ್ಲೆಗಳ ಬಾಲ ಮುಖಕ್ಕೆ ಬಡಿಯದಷ್ಟು ದೂರ ಉಳಿಯುತ್ತಿದ್ದರು. ಟ್ಯಾಂಕಿನ ಮೇಲೆ ಟಗರು ಮಲಗಿಸಿಕೊಂಡು ಹೋಗುವ ದಿನ ಇನ್ನೂ ನಿಧಾನ. ಆ ಟಗರೂ ನಾನೂ ಎಂದೂ ಬಿದ್ದಿಲ್ಲ. ಭಯವಿಲ್ಲದವರು ಇಷ್ಟೆಲ್ಲ ಯಾಕೆ ನೋಡುತ್ತೀರಿ ಎಂದು ಒಂದು ಬೆಳಗ್ಗೆ ಕಿವಿಯ ಹತ್ತಿರ ಕೇಳಿದೆ.

“ಅದು ಭಯ ಅಲ್ಲ ಕಣ್ಲಾ. ಕಣ್ಣು.”

ಒಳ್ಳೆಯ ಉತ್ತರವೇ. ಆದರೆ ನೋಡು ಎಂದು ಆ ಕಣ್ಣಿಗೆ ಹೇಳಿದವರು ಯಾರು ಎಂಬ ನನ್ನ ಮರುಪ್ರಶ್ನೆಗೆ ಅವರು ಹಾರನ್ನು ಹೊಡೆದರು. ಮುಂದೆ ರಸ್ತೆಯಲ್ಲಿ ಯಾರೂ ಇರಲಿಲ್ಲ.

ಇನ್ನು ಹುರುಳಿಯ ವಿಷಯ. ಆ ದಿನಗಳಲ್ಲಿ ನಮ್ಮ ಕಡೆಯ ರಸ್ತೆಗಳೇ ಕಣ. ಕಿತ್ತ ಹುರುಳಿ ಗಿಡವನ್ನು ಟಾರಿನ ಮೇಲೆ ಉದ್ದಕ್ಕೂ ಹರಡುತ್ತಾರೆ. ಬಸ್ಸು, ಲಾರಿ, ಬೈಕು ಎಲ್ಲವೂ ಮೇಲೆ ಹಾದು ಕಾಯಿ ಒಡೆದು ಕಾಳು ಉದುರುತ್ತದೆ. ಹಾಕಬಾರದು ಎಂದು ಎಷ್ಟೋ ಸಲ ಹೇಳಿದ್ದಾರೆ, ಹಾಕುತ್ತಲೇ ಇದ್ದಾರೆ. ಇದಕ್ಕೊಂದು ಮರ್ಯಾದೆಯೂ ಇದೆ. ಬರುವ ಗಾಡಿ ಹುರುಳಿಯ ಮೇಲೆಯೇ ಹೋಗಬೇಕು. ಪಕ್ಕದ ಮಣ್ಣಿಗೆ ಇಳಿಸಿ ತಪ್ಪಿಸಿಕೊಂಡು ಹೋದರೆ, ಊಟಕ್ಕೆ ಕರೆದಾಗ ಹೊಸಿಲಲ್ಲೇ ನಿಂತು ವಾಪಸು ಹೋದ ಹಾಗೆ. ಕೋಲು ಹಿಡಿದು ಕೂತವರು ಮುಖ ತಿರುಗಿಸುತ್ತಾರೆ.

ಹಬ್ಬಕ್ಕೆ ಮುಂಚಿನ ಭಾನುವಾರ ನಾನು ಒಬ್ಬನೇ ಬೈಕಿನಲ್ಲಿ, ಹಿಂದೆ ಭಾವ ಅಕ್ಕನ ಮೊಪೆಡ್ಡಿನಲ್ಲಿ, ಆ ಎರಡನೇ ಶಾಲೆಯ ದಾರಿಯನ್ನು ನೋಡಿಕೊಂಡು ಬರಲು ಹೊರಟೆವು. ಅರ್ಧ ದಾರಿಯಲ್ಲಿ ಹುರುಳಿ. ರಸ್ತೆಯ ಪಕ್ಷದ ಭಾಷಣ ನಾನು ಸರಿಯಾಗಿಯೇ ಮಾಡಿಕೊಂಡಿದ್ದೆ: ಸೊಪ್ಪು ಜಾರುತ್ತದೆ, ಕೆಳಗೆ ಕಾಳು ಉರುಳುತ್ತದೆ, ಹ್ಯಾಂಡಲ್ಲು ನೇರ ಇರಲಿ, ಬ್ರೇಕು ಮುಟ್ಟಬೇಡ. ನೇರ ಹೋದೆ. ಚೆನ್ನಾಗಿಯೇ ಹೋಗುತ್ತಿತ್ತು. ನಡುವೆ ಬಂದಾಗ ಬೇವಿನ ಮರದ ಕೆಳಗೆ ಕೂತಿದ್ದ ಒಬ್ಬ ಅಜ್ಜಿ ಕೈಯೆತ್ತಿ ಕೇಳಿತು.

“ಯಾರ್ ಮಗನ್ಲಾ ನೀನು? ಎಲ್ಗೋಯ್ತಿದ್ದೀಯ?”

ಇಲ್ಲಿಯವರಿಗೆ ನಾನು ವಿವರಿಸಬೇಕಿಲ್ಲ. ದೊಡ್ಡವರು ಯಾರ ಮಗ ಎಂದು ಕೇಳಿದರೆ ನಿಂತು ಹೇಳಬೇಕು. ಹೇಳದೆ ಹೋದರೆ ಅದು ನನಗಲ್ಲ, ಅಪ್ಪನಿಗೆ ಬರುವ ಮಾತು. ನನ್ನ ತಲೆ ಇನ್ನೂ ಯೋಚಿಸುತ್ತಿತ್ತು, ಬಲಗೈ ಮಾತ್ರ ಆಗಲೇ ಮರ್ಯಾದೆ ತೋರಿಸಿ ಮುಂದಿನ ಬ್ರೇಕು ಹಿಡಿದಿತ್ತು. ಚಕ್ರ ನಿಂತಿತು, ಹುರುಳಿ ನಿಲ್ಲಲಿಲ್ಲ. ನಾನು ಮಗ್ಗುಲಾಗಿ ಸೊಪ್ಪಿನ ಮೇಲೆ ಮಲಗಿ, ಬೈಕಿನ ಜೊತೆ ಸ್ವಲ್ಪ ದೂರ ಒಕ್ಕಣೆ ಮಾಡಿದೆ. ಮೊಣಕೈ ತರಚಿತು, ಕ್ಲಚ್ಚಿನ ಹಿಡಿ ಬಾಗಿತು. ಅಷ್ಟೇ.

ಅಜ್ಜಿ ಬಂದು ಮೊದಲು ಹುರುಳಿ ನೋಡಿತು, ಆಮೇಲೆ ನನ್ನನ್ನು. “ಹೆದ್ರುಕೊಂಡ್ ಬಿದ್ದೆ ಕಣ್ ಮಗ,” ಎಂದಿತು. ಕೋಲು ಹಿಡಿದ ಇನ್ನಿಬ್ಬರೂ ಅದನ್ನೇ ಅನುಮೋದಿಸಿದರು. ನಾನು ನೆಲದಲ್ಲಿ ಕೂತೇ ವಾದಿಸಿದೆ. ಹೆದರಿದ್ದರೆ ಬ್ರೇಕು ಹಿಡಿಯುತ್ತಿರಲಿಲ್ಲ. ನಿಮಗೆ ಉತ್ತರ ಕೊಡಲು ಹೋಗಿ ಬಿದ್ದೆ. ನನ್ನನ್ನು ಬೀಳಿಸಿದ್ದು ಭಯ ಅಲ್ಲ, ಸಂಸ್ಕಾರ. ಅಜ್ಜಿ ಎಲ್ಲವನ್ನೂ ಕೇಳಿ, ಅದಿರ್ಲಿ, ಯಾರ ಮಗ ಅಂತ ಇನ್ನೂ ಹೇಳ್ಲಿಲ್ವಲ್ಲ ಎಂದಿತು.

ಭಾವ ಗದರುತ್ತಾರೆ ಎಂದುಕೊಂಡಿದ್ದೆ. ಅವರು ಬಂದು ನನ್ನ ಮೊಣಕೈ ತಿರುಗಿಸಿ ನೋಡಿದರು. ಬೈಕು ಎತ್ತಿದರು, ತಿರುಗಿದ ಕನ್ನಡಿಯನ್ನು ಸರಿ ಮಾಡಲು ಹೋದರು. ಕನ್ನಡಿ ನಿಲ್ಲುತ್ತಿರಲಿಲ್ಲ. ತಿರುಪು ಸಡಿಲವಾಗಿದೆ ಎಂದುಕೊಂಡೆ. ತಿರುಪು ಸರಿಯಾಗೇ ಇತ್ತು, ಅವರೇ ಅದನ್ನು ಉಲ್ಟಾ ತಿರುಗಿಸುತ್ತಿದ್ದರು. ಮನೆಗೆ ಬಂದು ಕೀಲಿಯನ್ನು ಗೂಡಿನಲ್ಲಿಟ್ಟು, ಈ ವರ್ಷ ಬೇಡ, ಕೆಲಸ ಇನ್ನೊಂದು ಸಿಗುತ್ತದೆ, ಬೈಕು ಕೊಡುವುದಿಲ್ಲ ಎಂದುಬಿಟ್ಟರು.

ಇದು ನನಗೆ ಅರ್ಥವೇ ಆಗಲಿಲ್ಲ. ದಿನವೂ ಭಯ ಬಿಡು ಎಂದವರು, ನಾನು ಒಂದು ಸಲ ಬಿದ್ದೆದ್ದ ಮೇಲೆ ಹಿಡಿದುಕೊಂಡದ್ದು ಏನನ್ನು? ಅವರು ಕುರಿಗಳ ಕಡೆ ಹೋದ ಮೇಲೆ ಅಕ್ಕ ನನ್ನ ಮೊಣಕೈಗೆ ಮುಲಾಮು ಹಚ್ಚುತ್ತಿದ್ದಳು. ಅವಳನ್ನೇ ಕೇಳಿದೆ. ಅವಳು ತನ್ನ ಎಡಗೈಯನ್ನು ಚಾಚಿ, ಮಣಿಕಟ್ಟಿನ ಹತ್ತಿರ ಸ್ವಲ್ಪ ಸೊಟ್ಟಗಿರುವುದನ್ನು ತೋರಿಸಿದಳು. ಅದನ್ನು ನಾನು ಎಷ್ಟೋ ಸಲ ನೋಡಿದ್ದೆ, ಬಾವಿಕಟ್ಟೆಯಲ್ಲಿ ಜಾರಿದ್ದು ಎಂದು ನಮ್ಮ ಮನೆಗೆ ಹೇಳಿದ್ದರು.

ಮದುವೆಯಾದ ವರ್ಷ, ಇದೇ ರಸ್ತೆಯಲ್ಲಿ, ರಾಗಿ ಹುಲ್ಲಿನ ಮೇಲೆ. ಭಾವ ಜೋರಾಗಿ ಬಂದರಂತೆ. ಇಬ್ಬರೂ ಬಿದ್ದರಂತೆ. ಅವರಿಗೆ ಏನೂ ಆಗಲಿಲ್ಲ, ಅಕ್ಕನ ಕೈ ಮುರಿಯಿತು. ಆಮೇಲೆ ಬಹಳ ಕಾಲ ಅವರು ಬೈಕು ಮುಟ್ಟಲಿಲ್ಲ. ಮುಟ್ಟಿದ ಮೇಲೂ ಅಕ್ಕ ಹಿಂದೆ ಕೂರಲಿಲ್ಲ, ಅವರು ಕೂರು ಅನ್ನಲೂ ಇಲ್ಲ. ಅವಳು ಮೊಪೆಡ್ಡು ಕಲಿತಳು. ಅಕ್ಕ ಸ್ವತಂತ್ರವಾಗಿ ಓಡಾಡುತ್ತಾಳೆ ಎಂದು ನಾನು ಅಷ್ಟು ವರ್ಷ ಹೆಮ್ಮೆಪಟ್ಟದ್ದಕ್ಕೆ ಹೀಗೊಂದು ಹಿನ್ನೆಲೆ ಇತ್ತು.

“ಅವ್ರು ನಿನಗೆ ಭಯ ಬುಡು ಅಂತ ಹೇಳ್ತಾರಲ್ಲ,” ಎಂದಳು ಅಕ್ಕ, “ಅದ್ನ ನಿನಗೇ ಹೇಳ್ತಾರೆ ಅಂದ್ಕೊಂಡಿದ್ದೀಯ?”

ಇದನ್ನು ಕೇಳಿ ನನ್ನ ವಾದ ಇನ್ನಷ್ಟು ಗಟ್ಟಿಯಾಯಿತೇ ಹೊರತು ಸಡಿಲವಾಗಲಿಲ್ಲ. ಭಾವ ಒಳ್ಳೆಯ ಸವಾರ ಆದದ್ದು ಆ ಬಿದ್ದ ದಿನದ ನಂತರ. ಅವರ ಎರಡು ಬೆರಳನ್ನು ಬ್ರೇಕಿನ ಮೇಲೆ ಇಟ್ಟದ್ದು ಅಕ್ಕನ ಈ ಮಣಿಕಟ್ಟು. ಅವರು ಭಯ ಬಿಟ್ಟಿಲ್ಲ, ಅದರ ಹೆಸರು ಬದಲಿಸಿ ಕಣ್ಣು ಎಂದು ಕರೆದುಕೊಂಡಿದ್ದಾರೆ.

ಹಬ್ಬದ ಮಾರನೇ ಬೆಳಗ್ಗೆ ಕೀಲಿ ಇನ್ನೂ ಗೂಡಿನಲ್ಲೇ ಇತ್ತು. ಶಾಲೆ ತೆರೆಯುವ ದಿನ ಅದೇ. ಭಾವ ಹಟ್ಟಿಯಲ್ಲಿ ಸೊಪ್ಪು ಕಟ್ಟುತ್ತಿದ್ದರು. ನಾನು ಹೋಗಿ, ಭಯ ಬಿಟ್ಟಿದ್ದೇನೆ ಎಂದು ಸುಳ್ಳು ಹೇಳುವುದಿಲ್ಲ ಎಂದೆ. ಹುರುಳಿ ಕಂಡರೆ ಈಗ ನಿಜವಾಗಿಯೂ ಭಯ, ಅದಕ್ಕೇ ಈಗ ಓಡಿಸಬಲ್ಲೆ. ಬೇಕಾದರೆ ನೀವು ಹಿಂದೆ ಕೂತುಕೊಂಡು ನೋಡಿ ಎಂದೆ. ಭಾವ ಸೊಪ್ಪಿನ ಕಂತೆ ಬಿಗಿಯುತ್ತಲೇ ಇದ್ದರು. ಆ ಹೊತ್ತಿಗೆ ಅಕ್ಕ ಮೊಪೆಡ್ಡು ಹೊರತೆಗೆಯುತ್ತಾ ಗೂಡಿನಿಂದ ಕೀಲಿ ತಂದು ನನ್ನ ಕೈಗೆ ಹಾಕಿ, ಕುರಿಗಳನ್ನು ಒಂದು ಹೊತ್ತು ಪಕ್ಕದ ಮನೆಯವರು ನೋಡಿಕೊಳ್ಳುತ್ತಾರೆ ಎಂದು ಯಾರಿಗೂ ಅಲ್ಲದಂತೆ ಹೇಳಿ ಹೊರಟುಹೋದಳು.

ಬೆಳಗ್ಗೆಗೆ ಕೀಲಿಯನ್ನು ಭಾವನಿಗೇ ಕೊಟ್ಟೆ, ಎಂದಿನಂತೆ ಅವರೇ ಓಡಿಸಿ ಶಾಲೆಗೆ ಬಿಟ್ಟರು. ಮಧ್ಯಾಹ್ನ ಕಿರುಗಾವಲಿನ ಶಾಲೆಯ ಊಟದ ಗಂಟೆ ಬಾರಿಸಿದಾಗ ಭಾವ ಗೇಟಿನ ಹೊರಗೆ ಬೈಕಿನ ಪಕ್ಕದಲ್ಲಿ ನಿಂತಿದ್ದರು. ಮುಂದಿನ ಸೀಟು ಖಾಲಿ ಇತ್ತು. ನಾನು ಕೂತೆ, ಅವರು ಹಿಂದೆ ಕೂತರು. ಅವರು ಹಿಂದೆ ಕೂತದ್ದನ್ನು ನಾನು ಅದೇ ಮೊದಲು ಕಂಡದ್ದು. ಪಟ್ಟಿ ಬಿಗಿಯುತ್ತಾ ಎದುರು ಪಕ್ಷದ ಭಾಷಣ ಮಾಡಿಕೊಂಡೆ. ಈ ಸಲ ಅದಕ್ಕೆ ಒಂದು ಹೊಸ ಅಂಶ ಸೇರಿಸಿದೆ: ಯಾರಾದರೂ ಮಾತಾಡಿಸುತ್ತಾರೆ.

ಹುರುಳಿ ಅದೇ ಜಾಗದಲ್ಲಿ ಇತ್ತು, ಹೊಸದಾಗಿ ಹರಡಿದ್ದು, ಇನ್ನೂ ದಪ್ಪ. ಗೇರು ಇಳಿಸಿದೆ, ವೇಗ ಟಾರಿನ ಮೇಲೆಯೇ ಕಮ್ಮಿ ಮಾಡಿಕೊಂಡೆ, ಸೊಪ್ಪಿನ ಆಚೆ ದಡದ ಒಂದು ಹುಣಸೆ ಮರದ ಮೇಲೆ ಕಣ್ಣು ಇಟ್ಟೆ. ಚಕ್ರದ ಕೆಳಗೆ ಕಾಯಿ ಚಟಪಟ ಎನ್ನತೊಡಗಿತು. ಹಿಂದಿನಿಂದ ಭಾವನ ಕೈ ನನ್ನ ಹೆಗಲ ಮೇಲೆ ಬಂತು. ಬರೀ ಬರಲಿಲ್ಲ, ಹಿಡಿಯಿತು. ಆಮೇಲೆ ಕಣ್ಣಂಚಿನಲ್ಲಿ ಕಂಡೆ: ಅವರ ಎರಡು ಕಾಲೂ ಫುಟ್‌ರೆಸ್ಟಿನಿಂದ ಇಳಿದು ಎರಡೂ ಕಡೆ ಸೊಪ್ಪನ್ನು ಸವರುತ್ತಾ ಬರುತ್ತಿದ್ದವು, ಗಾಡಿ ವಾಲಿದರೆ ಊರುವುದಕ್ಕೆ.

“ಬಂದ್ಯಾ ಮಗ,” ಎಂದಿತು ಬೇವಿನ ಮರದ ಕೆಳಗಿನ ಅಜ್ಜಿ. “ಯಾರ್ ಮಗ ಅಂತ ಈಗ್ಲಾದ್ರೂ ಹೇಳು.”

ಬೆರಳು ತುಡಿಯಿತು. ಬ್ರೇಕಿನ ಮೇಲಿನಿಂದ ಅದನ್ನು ತೆಗೆದು ಹಿಡಿಯ ಸುತ್ತ ಸುತ್ತಿದೆ. ಹುರುಳಿ ಮುಗಿಯಿತು, ಬರಿಯ ಟಾರು ಬಂತು, ಹುಣಸೆ ಮರ ಬಂತು. ಅಲ್ಲಿ ನಿಲ್ಲಿಸಿ, ಸ್ಟ್ಯಾಂಡು ಹಾಕಿ, ಹೆಲ್ಮೆಟ್ಟು ತೆಗೆದು, ನಡೆದುಕೊಂಡು ವಾಪಸು ಹೋಗಿ ಅಜ್ಜಿಗೆ ಅಪ್ಪನ ಹೆಸರು, ಅಕ್ಕನನ್ನು ಕೊಟ್ಟ ಮನೆ, ಮಾಡುವ ಕೆಲಸ ಎಲ್ಲ ಹೇಳಿದೆ. ಹಂಗಾರೆ ನಮ್ಮೋರೇ ಎಂದು ಅಜ್ಜಿ ಒಪ್ಪಿಕೊಂಡಿತು. ನಾನು ತಿರುಗಿ ಬರುವಾಗ ಭಾವ ಬೈಕಿನ ಪಕ್ಕ ನಿಂತು ಚಪ್ಪಲಿಗೆ ಸಿಕ್ಕಿದ ಹುರುಳಿ ಸೊಪ್ಪನ್ನು ಬಿಡಿಸುತ್ತಿದ್ದರು. ನಾನು ನೋಡಿದೆನೆಂದು ಅವರಿಗೆ ಗೊತ್ತಾಯಿತು.

ಎರಡನೇ ಶಾಲೆಯ ಗೇಟಿನಲ್ಲಿ ಮಕ್ಕಳು ಇನ್ನೂ ಬಿಸಿಯೂಟದ ತಟ್ಟೆ ತೊಳೆಯುತ್ತಿದ್ದರು. ಗಂಟೆ ಬಾರಿಸಿದಾಗ ನಾನು ಕರಿಹಲಗೆಯ ಮುಂದೆ ಇದ್ದೆ. ಕೆಲಸ ಉಳಿಯಿತು, ಈಗಲೂ ಇದೆ. ಈಗ ನಾನು ಎರಡೂ ಶಾಲೆಗಳ ಮಕ್ಕಳಿಗೆ ಚರ್ಚೆ ಕಲಿಸುತ್ತೇನೆ. ಸ್ಪರ್ಧೆಗಳಿದ್ದಾಗ ಅವರು ಬಸ್ಸಿನಲ್ಲಿ, ನಾನು ಬೈಕಿನಲ್ಲಿ, ಮಳವಳ್ಳಿ, ಮದ್ದೂರು, ಮಂಡ್ಯ ಎಲ್ಲ ಕಡೆ ಹೋಗುತ್ತೇವೆ. ಅಪ್ಪ ಮಾತ್ರ ಇನ್ನೂ ನನ್ನ ಹಿಂದೆ ಕೂತಿಲ್ಲ. ಬಸ್ಸು ಇರುವಾಗ ಯಾಕೆ ಎಂಬ ಅವರ ವಾದಕ್ಕೆ ನನ್ನ ಹತ್ತಿರ ಒಳ್ಳೆಯ ಖಂಡನೆ ಇಲ್ಲ.

ಮೊನ್ನೆ ನಿಡಘಟ್ಟದಲ್ಲಿ ಒಂದು ಬೀಗರೂಟ. ಅಕ್ಕ ನೆಂಟರ ಕಾರಿನಲ್ಲಿ ಹೋಗಿದ್ದಳು, ಭಾವನೂ ನಾನೂ ಬೈಕಿನಲ್ಲಿ. ಪಂಕ್ತಿಯಲ್ಲಿ ಮುದ್ದೆ ಮುರಿಯುತ್ತಾ ಭಾವ ಮತ್ತೆ ಆ ಕತೆ ಹೇಳಿದರು. ಈ ಸಲ ಕಾಲರು ಹಿಡಿಯುವುದರ ಜೊತೆ ಒಂದು ಏಟೂ ಸೇರಿತ್ತು. ಎದುರಿಗೆ ಕೂತ ಅಕ್ಕ ಎಡಗೈಯಿಂದ ನೀರಿನ ಲೋಟ ಎತ್ತಿಕೊಂಡಳು, ಮುಖ ಎತ್ತಲಿಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಲ್ಲಿ ಖಂಡಿಸಬಹುದಿತ್ತು, ಪುರಾವೆಯೆಲ್ಲ ಕೈಯಲ್ಲೇ ಇತ್ತು. ಗೆಲ್ಲುವುದರಿಂದ ಏನೂ ಆಗಬೇಕಾಗಿರಲಿಲ್ಲ.

ಊಟ ಜೋರಾಗಿತ್ತು, ನೀನೇ ಓಡಿಸು ಎಂದು ಭಾವ ಹಿಂದೆ ಕೂತರು. ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಮದ್ದೂರಿಗೆ ಬಂದು, ಅಲ್ಲಿಂದ ಮಳವಳ್ಳಿ ದಾರಿ ಹಿಡಿದೆವು. ಬಿಸಿಲು ಇಳಿಯುತ್ತಿತ್ತು. ಒಂದು ತಿರುವು ದಾಟಿದಾಗ ಮುಂದೆ ದೂರದಲ್ಲಿ ರಸ್ತೆ ಟಾರಿನ ಬಣ್ಣ ಬಿಟ್ಟು ಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಈ ಸಲದ ರಾಗಿ. ಗೇರು ಇಳಿಸಿದೆ, ಆಚೆ ದಡದಲ್ಲಿ ಕಣ್ಣಿಗೆ ಒಂದು ಮರ ಹುಡುಕಿಕೊಂಡೆ. ಹೆಗಲ ಮೇಲೆ ಭಾವನ ಕೈ ಬಂತು, ನಾನು ಬರುತ್ತದೆ ಎಂದು ಕಾಯುತ್ತಿದ್ದ ಜಾಗದಲ್ಲೇ.

ಹುಲ್ಲು ಇನ್ನೂ ಸ್ವಲ್ಪ ದೂರ ಇರುವಾಗಲೇ, ತಲೆ ತಿರುಗಿಸದೆ, ಗಾಳಿಗೆ ಕೇಳಿಸುವಷ್ಟು ಜೋರಾಗಿ ಕೇಳಿದೆ:

“ಭಾವ, ಆವತ್ತು ಹುರುಳಿ ಮೇಲೆ ಎಲ್ಡೂ ಕಾಲು ಇಳಿಬುಟ್ರಲ್ಲ, ನನ್ನ ನಂಬ್ದೆ ಇಳಿಬುಟ್ರಾ, ಇಲ್ಲ ಹಿಂದ್ಗಡೆ ಕೂತಾಗ ಅಕ್ಕ ನೆಪ್ಪಾದ್ಲಾ?”